ಹಲಗೆಯ ಬೆನ್ನಿಗೆ

ಭಾಂಡೂಪಿನ ಕೋಣೆಯಲ್ಲಿ, ಮಂಚದ ಕೆಳಗೆ
ಗುಂಯ್‌ಗುಡುತ್ತಲೇ ಇದೆ ನನ್ನ ಕಂಪ್ಯೂಟರು.
ಇಲ್ಲಿ ನಾನು, ಮಸೀದಿ ಬಂದರಿನ ಗೋದಾಮಿನಲ್ಲಿ,
ಮೆಣಸಿನ ಘಾಟಿಗೆ ಸೀನುತ್ತ
ಅದರೊಳಗುಳಿದ ಲೆಕ್ಕದ ಕಡತ ತೆಗೆಯಬೇಕು.

ನಿನ್ನೆ ಬರೆದಿಟ್ಟ ನಂಬರು ಒತ್ತಿದೆ.
ಯಾರದೋ ಬಾಗಿಲು. ಪಾಸ್‌ವರ್ಡ್ ಕೇಳಿತು.
ಕ್ಷಮಿಸಿ ಅಂತ ಪರದೆಗೇ ಹೇಳಿ ಹಿಂದೆ ಸರಿದೆ.
ಮಧ್ಯಾಹ್ನ ಕರೆಂಟು ಹೋಗಿ ಬಂದಿರಬೇಕು,
ಎದ್ದ ರೌಟರಿಗೆ ಕಂಪನಿ ಹೊಸ ವಿಳಾಸ ಕೊಟ್ಟಿದೆ.

ನನಗೇನು ಹೊಸತೆ?
ಹನ್ನೊಂದು ತಿಂಗಳಿಗೊಮ್ಮೆ ಕರಾರು ಮುಗಿದು
ಟೆಂಪೋ ಹತ್ತಿದ್ದೇವೆ ನಾನೂ ಈ ಪೆಟ್ಟಿಗೆಯೂ:
ಕುರ್ಲಾ, ಘಾಟ್ಕೋಪರ್, ಮತ್ತೆ ಕುರ್ಲಾ.
ಆದರೂ ವಿಮೆಯ ಕಾಗದ ಒಂದೂ ತಪ್ಪಿದ್ದಿಲ್ಲ.
ಮೊದಲ ಚಾಳಿನ ಇಸ್ತ್ರಿಯ ರಾಮಸುರತ್
ನನ್ನ ಹೊಸ ಗಲ್ಲಿಯನ್ನು ಸೀಮೆಸುಣ್ಣದಲ್ಲಿ
ತನ್ನ ಹಲಗೆಯ ಬೆನ್ನಿಗೆ ಬರೆದುಕೊಳ್ಳುತ್ತಿದ್ದ,
ಹಳೆಯದನ್ನು ಒರೆಸಿ,
ಪೋಸ್ಟಿನವ ಕೇಳಿದರೆ ಬಗ್ಗಿ ಓದಿ ಹೇಳಲು.

ರಾತ್ರಿ ಮನೆಗೆ ಹೋದವಳೇ
ಪೆಟ್ಟಿಗೆಗೊಂದು ಹೆಸರು ಕಟ್ಟಬೇಕು,
ನಂಬರು ಬದಲಾದಾಗಲೆಲ್ಲ ತಾನೇ ಹೋಗಿ
ಹೆಸರಿನ ಪಕ್ಕ ಬರೆಸಿ ಬರುವಂತೆ.
ಏನು ಹೆಸರು?
ರಾಮಸುರತ್ ಅಂತಲೇ ಇಡೋಣವೆಂದರೆ,
ಹೋದ ವರ್ಷ ಚಾಳು ಕೆಡವಿದರು.
ಅವನು ಎಲ್ಲಿಗೆ ಹೋದನೆಂದು
ಬರೆದುಕೊಂಡವರು ಯಾರೂ ಇಲ್ಲ.