ಪ್ರಶ್ನೆ ಸಂಖ್ಯೆ ಏಳು

ಬಾಳೆಲೆಯ ಪ್ರೌಢಶಾಲೆಯಲ್ಲಿ
ಶುಕ್ರವಾರದ ಕೊನೆಯ ಎರಡು ಪಿರಿಯಡ್
ಒಂಬತ್ತನೇ ತರಗತಿಯೇ ಲೋಕಸಭೆ.

ಇಪ್ಪತ್ತನಾಲ್ಕು ಕುರ್ಚಿ ಹಾಕಿಸಿದ್ದೆ.
ಯಾಕೆ ಸಾರ್ ಇಪ್ಪತ್ತನಾಲ್ಕು, ಅಂದರು.
ಮಡಿಕೇರಿಯಲ್ಲಿ ನಮ್ಮದೇ ಒಂದು ವಿಧಾನಸಭೆ ಇತ್ತು ಮಕ್ಕಳೇ,
ಐವತ್ತಾರರವರೆಗೆ; ಅದರಲ್ಲಿ ಇದ್ದದ್ದು ಅಷ್ಟೇ ಕುರ್ಚಿ.
ಆಮೇಲೆ? ಆಮೇಲೆ ದೊಡ್ಡ ಮನೆಗೆ ಸೇರಿದೆವು.
ಸೇರಿದ್ದು ಹಾಲಿಗೆ ಸಕ್ಕರೆಯೋ, ಹೊಳೆಗೆ ತೊರೆಯೋ,
ಅದು ಪಠ್ಯದಲ್ಲಿಲ್ಲ, ಪರೀಕ್ಷೆಗೂ ಬರುವುದಿಲ್ಲ.

ಪೀಠದ ಬಲಕ್ಕೆ ಸರ್ಕಾರ, ಎಡಕ್ಕೆ ಪ್ರತಿಪಕ್ಷ,
ನಡುವೆ ಹಾಸಿದ್ದು ಕಾಫಿ ತುಂಬುವ ಗೋಣಿತಟ್ಟು:
ಅದೇ ಸದನದ ಬಾವಿ. ಸಿಟ್ಟು ಬಂದವರು ಇಳಿಯಬಹುದು,
ಅಲ್ಲಿಂದ ಆಡಿದ ಮಾತು ಕಡತಕ್ಕೆ ಏರುವುದಿಲ್ಲ.

ಪ್ರಧಾನಿ ಪಳಂಗಪ್ಪ. ಆದದ್ದು ಹೀಗೆ:
ಪ್ರಧಾನಿ ಎಂದು ಅವನನ್ನು ಊರು ಆರಿಸಲಿಲ್ಲ,
ಅವನೂ ಸೇರಿ ಹನ್ನೆರಡು ಮಂದಿ ‘ನಮ್ಮವನು’ ಅಂದರು, ಅಷ್ಟೆ.
ಆ ಹನ್ನೆರಡರಲ್ಲಿ ಒಂದೆರಡು ಕಳಚಿದರೆ
ಅವನು ಮತ್ತೆ ಮೂರನೇ ಬೆಂಚಿನ ಪಳಂಗಪ್ಪ.
ಇದನ್ನು ಬೋರ್ಡಿನ ಮೇಲೆ ಬರೆದ ದಿನದಿಂದ
ಹನ್ನೊಂದು ಮಂದಿಗೂ ಪೇರಳೆ ಹಂಚುತ್ತಿದ್ದಾನೆ.

ಸ್ಪೀಕರ್ ಬೊಳ್ಳಿ, ಎರವರ ಹಾಡಿಯವಳು.
ಮಾತಾಡುವವರು ಎಂಬ ಹೆಸರು, ಮಾತಾಡದಿರುವ ಕೆಲಸ;
ಎರಡೂ ಕಡೆಯವರು ಕೂಡಲೇ ಒಪ್ಪಿದರು.
ಕೈಯಲ್ಲಿ ಪುತ್ತರಿ ಕೋಲು. ಮೇಜಿಗೆ ಬಡಿದರೆ ನಿಶ್ಶಬ್ದ.

ಪ್ರಶ್ನೆ ಸಂಖ್ಯೆ ಏಳು. ಎದ್ದಳು ದೇಚಮ್ಮ:
“ನಾಲ್ಕೂವರೆಯ ಗಂಟೆಯನ್ನು ಅರ್ಧ ತಾಸು ಮೊದಲೇ
ಬಾರಿಸುವುದಾಗಿ ಸರ್ಕಾರ ಕೊಟ್ಟ ಮಾತು ಏನಾಯಿತು?
ಹಾಡಿಯ ದಾರಿಗೆ ಆನೆ ಇಳಿಯುವುದು ಐದಕ್ಕೆ ಎಂಬುದು
ಮಾನ್ಯ ಸಚಿವರ ಗಮನಕ್ಕೆ ಬಂದಿದೆಯೇ?”

ಉನೈಸ್ ಎದ್ದ, ಅಂಗಿಯ ಗುಂಡಿ ಸರಿಮಾಡಿಕೊಂಡ.
“ಬಂದಿದೆ. ಮಾಹಿತಿ ಸಂಗ್ರಹಿಸಲಾಗುತ್ತಿದೆ.”
ಎಲ್ಲಿ ಕಲಿತನೋ! ನಾನು ಕಲಿಸಿರಲಿಲ್ಲ.
“ಯಾರ ಹತ್ತಿರ? ಆನೆಯ ಹತ್ತಿರವೇ?”
ಉಪಪ್ರಶ್ನೆ. ಗದ್ದಲ.
ಗೋಣಿತಟ್ಟಿನ ಮೇಲೆ ಆರು ಜೋಡಿ ಕಾಲು.
ಕೋಲು. ಮತ್ತೆ ಕೋಲು.
ಕಡೆಗೆ ಅವಿಶ್ವಾಸ ನಿರ್ಣಯ.

ಸರ್ಕಾರದ ಕಡೆ ಒಂದು ಕುರ್ಚಿ ಖಾಲಿ. ಲೈನುಮನೆಯ ಪವಳಕ್ಕೊಡಿ
ಅಮ್ಮನ ಜೊತೆ ರೋಬಸ್ಟಾ ಕೊಯ್ಯಲು ಹೋಗಿದ್ದಳು.
ಪೇರಳೆ ಹಂಚಿದವನಿಗೆ ಅದು ಹೊಳೆದಿರಲಿಲ್ಲ.
ಹೌದು ಎನ್ನುವವರು ಹನ್ನೊಂದು.
ಇಲ್ಲ ಎನ್ನುವವರು ಹನ್ನೊಂದು.

ಇಂಥ ಗಳಿಗೆಗೆಂದೇ ಪೀಠಕ್ಕೆ ಒಂದು ಮತ,
ಸೆರಗಿನ ಗಂಟಿನಲ್ಲಿಟ್ಟ ನಾಣ್ಯದ ಹಾಗೆ.
ಹಿಂದಿನ ವಾರ ನಾನೇ ಹೇಳಿದ್ದೆ: ಸಂಪ್ರದಾಯದಂತೆ ಅದು
ಇರುವುದನ್ನು ಇರುವಂತೆ ಉಳಿಸುವ ಕಡೆಗೆ ಬೀಳುತ್ತದೆ,
ಸರ್ಕಾರ ಕೆಡಹುವುದು ಸದನದ ಕೆಲಸ, ಪೀಠದ್ದಲ್ಲ.
ಹೇಳುವಾಗ ಅವಳ ದಾರಿ ನನಗೆ ನೆನಪಿರಲಿಲ್ಲ.

ಈಗ ಎಲ್ಲರಿಗೂ ನೆನಪಿತ್ತು.
ಇಪ್ಪತ್ತೆರಡು ಮಂದಿ ಅವಳ ಚಪ್ಪಲಿಯ ಕೆಸರನ್ನೇ ನೋಡಿದರು.

“ಇಲ್ಲ,” ಅಂದಳು ಬೊಳ್ಳಿ. ಕೋಲು ಒಂದೇ ಸಲ.
ಎಡಗಡೆಯಲ್ಲಿ ಯಾರೋ ಅತ್ತರು. ಪಳಂಗಪ್ಪ
ಗೆದ್ದವನ ಮುಖ ಮಾಡಲು ನೋಡಿದ, ಆಗಲಿಲ್ಲ.

ಕುರ್ಚಿ ಒಂದರ ಮೇಲೊಂದು ಪೇರಿಸುತ್ತಾ ಕೇಳಿದೆ:
ಬೀಳಿಸಬಹುದಿತ್ತಲ್ಲ ಮಗಾ, ನಿನ್ನದೇ ದಾರಿ, ನಿನ್ನದೇ ಗಂಟೆ.
“ಬೀಳಿಸಿದ್ರೆ ಸಾರ್, ಮುಂದಿನ ಶುಕ್ರವಾರ
ಉತ್ತರ ಹೇಳೋಕೆ ಯಾರಿರ್ತಾರೆ?”

ಒಂಬತ್ತು ವರ್ಷದಿಂದ ಇದನ್ನು ಕಲಿಸುತ್ತಿದ್ದೇನೆ,
ಹೊಣೆಗಾರ ಸರ್ಕಾರ: ನಾಲ್ಕು ಅಂಕ, ಎಂಟು ಸಾಲು.
ನಿಜವಾದ ಗಂಟೆ ಹೆಡ್ಮಾಸ್ಟರ ಕೋಣೆಯ ಹೊರಗೆ ತೂಗುತ್ತದೆ,
ರೈಲೇ ಇಲ್ಲದ ಜಿಲ್ಲೆಯಲ್ಲಿ ರೈಲುಹಳಿಯ ತುಂಡು;
ನನ್ನ ಮೇಜಿನಿಂದ ಹದಿನೆಂಟು ಹೆಜ್ಜೆ.
ಒಂದು ದಿನವೂ ಹೋಗಿ ಕೇಳಿದವನಲ್ಲ.

ನಾಲ್ಕೂವರೆ. ಹಳಿ ಮೊಳಗಿತು. ಚೀಲ ಬೆನ್ನಿಗೇರಿಸಿ
ಹೊರಟಳು ಮಾನ್ಯ ಸ್ಪೀಕರ್, ಇಬ್ಬರು ತಮ್ಮಂದಿರ ಜೊತೆ.
ಕಾಡಿನಂಚಿಂದ ವಾಚರ್ ಸಿಡಿಸಿದ ಪಟಾಕಿ ಕೇಳಿಸಿತು.

ನಡಾವಳಿ ಪುಸ್ತಕ ತೆರೆದು ಬರೆದೆ:
ಪ್ರಶ್ನೆ ಸಂಖ್ಯೆ ಏಳು. ಉತ್ತರ ಬಾಕಿ.
ಹೊಣೆ ಯಾರದೆಂದು ತುಂಬುವ ಜಾಗದಲ್ಲಿ
ಪೆನ್ನು ಸ್ವಲ್ಪ ಹೊತ್ತು ನಿಂತಿತು.