ಅಕ್ಷರ ಬಿಡದೆ

ಮೊಂಬಾಸಾದ ಮೂರನೇ ಮಹಡಿ, ಫ್ಯಾನು ತಿರುಗದ ಕೋಣೆ.
ನನ್ನ ಕಿವಿಗೆ ದಿನಕ್ಕೆ ಎಂಟು ಗಂಟೆ ಸಂಬಳ.
ಕಿಬೊಕೊನಿ ಬೀದಿಯ ಇಪ್ಪತ್ತೊಂಬತ್ತು ಫೋನುಗಳು
ನನ್ನ ಹೆಡ್‌ಫೋನಿನೊಳಗೆ ಸಂಸಾರ ಹೂಡಿವೆ.
ಅವರು ಆಡಿದ್ದನ್ನು ನಾನು ಇಂಗ್ಲಿಷಿಗೆ ಇಳಿಸಬೇಕು,
ಇನ್‌ಸ್ಪೆಕ್ಟರ್ ಸಲೋಮೆ ಕಾಡ್ಜೊ ಅದನ್ನು ಕಡತಕ್ಕೆ ಇಳಿಸಬೇಕು,
ಕಡತ ಯಾರನ್ನು ಎಲ್ಲಿಗೆ ಇಳಿಸುತ್ತದೋ
ನಾವಿಬ್ಬರೂ ಕೇಳುವ ಹಾಗಿಲ್ಲ.

ಮೊದಲ ವಾರ ಬಿದ್ದದ್ದು—
ಈರುಳ್ಳಿ. ಮಂಡಿನೋವು. ಫೆರ್ರಿ ಕೆಟ್ಟು ನಿಂತದ್ದು.
ಮ್ವಾನತುಮು ಅನ್ನುವಾಕೆ ತಂಗಿಗೆ:
ಇವನ ಗೊರಕೆಗೆ ದಿಂಬು ಒತ್ತಿಬಿಡೋಣ ಅನಿಸುತ್ತೆ ಕಣೇ.
ಬರೆಯಲೇ, ಕೊಲೆಯ ಇರಾದೆ ಎಂದು?
ದೋಣಿ ಕಟ್ಟುವ ಮುದುಕ ಶೀ, ಮೊಮ್ಮಗನಿಗೆ:
ಗಣಿತದ ಪರೀಕ್ಷೆಯೇ ನಿನ್ನ ಜಿಹಾದು, ಹೋಗಿ ಗೆದ್ದು ಬಾ.
ಆ ಒಂದು ಪದಕ್ಕೆ ಯಂತ್ರ ತಾನಾಗೇ ಕೆಂಪು ಬಳಿದಿತ್ತು.
ಇದೇನು, ಅಂದಳು ಸಲೋಮೆ.
ಭಾಗಾಕಾರ, ಅಂದೆ.

ನಗಬೇಡಿ. ಈ ಕುರ್ಚಿಗೆ ನಾನು ನಗುತ್ತ ಬಂದವಳಲ್ಲ.
ಅಕ್ಕನ ಮಗ ಫುಮೊ ಆ ಬಸ್ಸಿನಲ್ಲಿದ್ದ.
ಬಂದೂಕಿನವರು ತಡೆದು, ಕಲಿಮಾ ಹೇಳಿ, ಅಂದರಂತೆ.
ಅವನಿಗೆ ಬರುತ್ತಿತ್ತು.
ಪಕ್ಕದ ಸೀಟಿನ ನರ್ಸಿಗೆ ಬರುತ್ತಿರಲಿಲ್ಲ.
ಅವಳ ಕಿವಿಯಲ್ಲಿ ಪಿಸುಗುಟ್ಟಿ ಹೇಳಿಕೊಡುತ್ತಿದ್ದನಂತೆ.
ಅಂದಿನಿಂದ ಅಕ್ಕ ಮೆಲ್ಲಗೆ ಮಾತಾಡುವುದಿಲ್ಲ,
ಉಪ್ಪು ಕೊಡು ಅನ್ನುವುದನ್ನೂ ಕೂಗಿ ಹೇಳುತ್ತಾಳೆ.

ಅದಕ್ಕೇ ಕೂತೆ. ಕೇಳಿದೆ.
ಎಪ್ಪತ್ತಮೂರನೇ ಗಂಟೆಯಲ್ಲಿ ಬಂತು ಅದು.
ಒಂದೂವರೆ ನಿಮಿಷ. ಇನ್ನೂ ಒಡೆಯುತ್ತಿರುವ ಗಂಟಲು,
ಗಡಿಯಾಚೆಯ ಯಾರಿಗೋ ಹೇಳಿತು:
ಚರ್ಚಿನ ಹಿಂಬಾಗಿಲಿಗೆ ಚಿಲಕವಿಲ್ಲ.
ಆಚೆಯವನು, ಭಾನುವಾರ, ಅಂದ.
ನನ್ನ ಬೆನ್ನಿನ ಬೆವರು ಅಲ್ಲಲ್ಲೇ ತಣ್ಣಗಾಯಿತು.
ಅಕ್ಷರ ಬಿಡದೆ ಬರೆದೆ. ಕೆಮ್ಮನ್ನೂ ಬರೆದೆ.
ಚಪ್ಪಲಿ ಮೆಟ್ಟದೆ ಓಡಿಹೋಗಿ ಕೊಟ್ಟೆ.

ಆ ಭಾನುವಾರ ಚರ್ಚಿನಲ್ಲಿ ಹಾಡು ನಡೆಯಿತು.
ಎದುರಿನ ಕಟ್ಟೆಯಲ್ಲಿ ಎಳನೀರು ಹಿಡಿದು
ಕೊನೆಯ ಸಾಲಿನವರೆಗೂ ಕೇಳಿದೆ.
ಅದಕ್ಕೆ ಸಂಬಳ ಇರಲಿಲ್ಲ.

ಸೋಮವಾರ ಹುಡುಗನ ಹೆಸರಿನಡಿ ನಲವತ್ತು ಹೆಸರು:
ಅವನಿಗೆ ಕ್ಷೌರ ಮಾಡಿದವನು, ಸಾಲ ಕೊಟ್ಟವನು,
ನಮಾಜಿನ ಸಾಲಿನಲ್ಲಿ ಅವನ ಎಡಕ್ಕೆ ನಿಂತವನು.
ಹದಿನಾರನೆಯದು ಶೀ.
ರಾತ್ರಿ ಕರೆದೊಯ್ದರು. ಕೈಯಲ್ಲಿ ಉಳಿ ಇತ್ತಂತೆ.
ಬಡಗಿಯ ಕೈಯಲ್ಲಿ ಇನ್ನೇನಿರುತ್ತೆ?
ಮೊಮ್ಮಗ ಹನ್ನೊಂದು ಠಾಣೆಗೆ ಫೋನು ಮಾಡಿದ,
ಇಲ್ಲಿಲ್ಲ ಅಂದವು ಹನ್ನೊಂದೂ,
ನಾನೇ ಇಂಗ್ಲಿಷಿಗೆ ಇಳಿಸಿದೆ, ಹನ್ನೊಂದು ಸಲ.
ಹನ್ನೆರಡನೆಯದಕ್ಕೆ ಹೆಡ್‌ಫೋನು ತೆಗೆದಿಟ್ಟೆ.

ಸಲೋಮೆ ಕೆಟ್ಟವಳಲ್ಲ. ಅದು ಅವಳ ಚರ್ಚು.
ಚಿಲಕ ಹಾಕಿಸಿದ್ದೂ ಅವಳೇ, ಸ್ವಂತ ದುಡ್ಡಿನಲ್ಲಿ.
ನನ್ನ ಮಕ್ಕಳದ್ದು ಅಲ್ಲಿ ಮೂರನೇ ಬೆಂಚು, ಅಂದಳು,
ನಲವತ್ತಲ್ಲ, ನಾನೂರು ಹೆಸರು ತರುತ್ತೇನೆ.
ಆ ಹುಡುಗನನ್ನು ಜಡ್ಜಿನ ಮುಂದೆ ನಿಲ್ಲಿಸು, ಅಂದೆ,
ಸಾಕ್ಷಿ ನಾನೇ ಹೇಳುತ್ತೇನೆ.
ಶೀಯನ್ನೂ ಹಗಲಲ್ಲಿ ಜಡ್ಜಿನ ಮುಂದೆ ನಿಲ್ಲಿಸು,
ಅಲ್ಲಿಯೂ ನಾನೇ.
ಅವಳು ಚಿಲಕದ ರಸೀದಿಯನ್ನು
ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.

ಗುಟ್ಟಿನ ಪ್ರಮಾಣಕ್ಕೆ ಸಹಿ ಹಾಕಿದ್ದೀಯಲ್ಲಮ್ಮಾ,
ಜೈಲಾದೀತು, ಅಂದರು ವಕೀಲ ಅಥ್ಮಾನ್.
ಆ ಒಂದೂವರೆ ನಿಮಿಷವನ್ನು ನಾಳೆ ಕೇಳಿಸಿದರೂ
ಮತ್ತೆ ಬರಿಗಾಲಲ್ಲಿ ಓಡುತ್ತೇನೆ.
ಉಳಿದ ಇನ್ನೂರು ಗಂಟೆ ಯಾರದ್ದು ಸ್ವಾಮಿ?
ಅದರಲ್ಲಿ ಬರೀ ಮಂಡಿನೋವು.

ಕೇಸು ಇನ್ನೂ ನಡೆಯುತ್ತಿದೆ. ಶೀ ಸಿಕ್ಕಿಲ್ಲ.
ಅವನು ಬಿಟ್ಟುಹೋದ ದೋಣಿಯ ಹೊಟ್ಟೆಯಲ್ಲಿ
ಯಾರದೋ ಬೆಕ್ಕು ಮರಿ ಹಾಕಿದೆ.

ಈಗೀಗ ನನ್ನ ಫೋನಿನಲ್ಲೂ ಸಣ್ಣಗೆ ಟಿಕ್ ಅನ್ನುತ್ತದೆ.
ಯಾರೋ ಹೊಸಬ ಕೂತಿರಬೇಕು, ಅದೇ ಕುರ್ಚಿ, ಅದೇ ಸೆಕೆ.
ಅಕ್ಕ ಕೂಗುತ್ತಾಳೆ: ಮೀನಿನ ಸಾರಿಗೆ ಹುಣಿಸೆ ಎಷ್ಟೇ?
ನಾನೂ ಕೂಗುತ್ತೇನೆ, ಅವನಿಗೂ ಕೇಳಿಸಲಿ ಎಂದು:
ಒಂದು ಹಿಡಿ.
ಬರೆದುಕೊಳ್ಳಪ್ಪಾ.
ಸರಿಯಾಗಿ ಬರೆದುಕೋ.