ಹರಾಜು ಕಟ್ಟೆಯಲ್ಲಿ ಬಾರ್ನಕಲ್

ಬೈತಖೋಲ. ದೋಣಿಗಳಿಗೆ ರಜೆಯ ತಿಂಗಳು.
ಬಂಗಡೆಯ ದರ ಕೂಗುವ ಮೈಕಿನಲ್ಲೇ
ಇವತ್ತು ನನ್ನ ಜೋಕು.
ಕಡಲಜೀವಶಾಸ್ತ್ರದಲ್ಲಿ ಏಳು ವರ್ಷ ಕಲ್ಲು ಕೆರೆದವಳು ನಾನು,
ನಗಿಸುವುದರಲ್ಲಿ ಇದು ಮೂರನೇ ಸಂಜೆ.

ಹಿಂದಿನೆರಡರ ಫಲಿತಾಂಶ ವಹಿಯಲ್ಲಿದೆ:
ನಮ್ಮ ವಿಭಾಗದಲ್ಲಿ ನಗು ಸೊನ್ನೆ, ಕೆಮ್ಮು ನಾಲ್ಕು,
ಪ್ರಶ್ನೆ ಒಂದು: "ಇದಕ್ಕೆ ಆಕರ?"
ಕಾಜುಬಾಗದ ಕ್ಲಬ್ಬಿನಲ್ಲಿ ಒಬ್ಬ ನಕ್ಕ,
ಫೋನು ನೋಡಿಕೊಂಡು.

ಇಲ್ಲಿ ಎದುರಿಗೆ ಬುಟ್ಟಿ ಬೋರಲು ಹಾಕಿ ಕೂತ ಹೆಂಗಸರು.
ಶುರು ಮಾಡಿದೆ:
ನಿಮ್ಮ ದೋಣಿಯಡಿ ಹತ್ತುತ್ತದಲ್ಲ, ಬಿಳಿ ಚಿಪ್ಪು,
ಮರಿಯಿದ್ದಾಗ ಕಡಲೆಲ್ಲ ತಿರುಗುತ್ತದೆ.
ಜಾಗ ಮನಸಿಗೆ ಬಂದದ್ದೇ
ತಲೆಗೆ ಗಮ್ಮು ಹಚ್ಚಿ ಅಂಟಿಕೊಂಡುಬಿಡುತ್ತದೆ.
ಆಮೇಲೆ ಸಾಯೋತನಕ ಅಲ್ಲೇ,
ಕಾಲಿನಿಂದ ಬಾಯಿಗೆ ಊಟ.

ಮೌನ.
ಕಟ್ಟಿಹಾಕಿದ ದೋಣಿಗಳು
ಒಂದಕ್ಕೊಂದು ತಾಗುವ ಸದ್ದು.

ಗುಲಾಬಿ ಹರಿಕಂತ್ರ ಎಲೆಯಡಿಕೆಯನ್ನು
ಕೆನ್ನೆಯ ಆಚೆ ಬದಿಗೆ ಸರಿಸಿದಳು.
"ನಮ್ಮನೇಲೂ ಒಂದಿದೆ, ಬಾಯಿ.
ಮಂಚಕ್ಕೆ ಅಂಟಿದ್ದು.
ಊಟಕ್ಕೆ ಕಾಲೂ ಆಡಿಸೂದಿಲ್ಲ."

ತಗಡಿನ ಮಾಡು ಹಾರಿಹೋಯಿತೇನೋ ಎಂಬಂತೆ ನಗು.
ಎಣಿಸಲು ಬೆರಳು ಎತ್ತಿದವಳು ನಾನು,
ಹಾಗೇ ಬಾಯಿಗೆ ಅಡ್ಡ ಹಿಡಿದೆ.

ನಗು ಇಳಿದ ಮೇಲೆ ಅವಳೇ, ತಣ್ಣಗೆ:
"ನೀರೊಳಗೂ ಹಿಡಿಯೂ ಗಮ್ಮು ಅಂದ್ರೆ ಹೆಂಗದು?
ನಮ್ಮ ದೋಣಿ ಬಿರುಕಿಗೆ ಆದೀತಾ?"

ಗೊತ್ತಿಲ್ಲ, ಎಂದೆ. ಏಳು ವರ್ಷದಿಂದ
ಅದನ್ನೇ ಹುಡುಕುತ್ತಿದ್ದೇನೆ.

ಅದಕ್ಕೆ ಮತ್ತೂ ದೊಡ್ಡ ನಗು.

ರಾತ್ರಿ ವಹಿ ತೆರೆದೆ. ನಗುವಿನ ಅಂಕಣ ಖಾಲಿ ಬಿಟ್ಟು
ಆಕರ ಎಂದಿರುವಲ್ಲಿ ಬರೆದೆ:
ಗುಲಾಬಿ ಹರಿಕಂತ್ರ, ಮೀನು ಮಾರುವವರು, ಬೈತಖೋಲ.